ಧನುರ್ಮಾಸದ ಮೋಟುಗೋಡೆ

೧೯೫೧ರಲ್ಲಿ ನಾನು ಓದು ನಿಲ್ಲಿಸಿದೆ. ಮೇಲೂರಿನ ಶಾಲೆಯಲ್ಲಿ ಎಂಟನೆಯ ತರಗತಿ ಆಗಿತ್ತು. ನಿಲ್ಲಿಸಿದ್ದಕ್ಕೆ ಮನೆಯಲ್ಲಿ ಯಾರೂ ಅಳಲಿಲ್ಲ, ನಾನೂ ಅಳಲಿಲ್ಲ. ನಮ್ಮಪ್ಪ ಗಾರೆ ಕೆಲಸದವರು. ಒಂದು ಬೆಳಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಗಾರೆ ಬಳಿಯುವ ಕರಣೆಯನ್ನು ನನ್ನ ಕೈಗೆ ಕೊಟ್ಟು, "ಇದನ್ನ ತೊಳ್ಕೊಂಡ್ ಬಾರಪ್ಪ" ಅಂದರು. ತೊಳೆದುಕೊಂಡು ಬಂದೆ. ಮಾರನೆಯ ದಿನವೂ ತೊಳೆದೆ. ಅಲ್ಲಿಗೆ ಶಾಲೆ ಮುಗಿಯಿತು.

ಹದಿನೆಂಟಕ್ಕೆ ಅಪ್ಪ ತೀರಿಕೊಂಡರು. ಇಪ್ಪತ್ತಕ್ಕೆ ನಾನೇ ಮೇಸ್ತ್ರಿ. ಶಿಡ್ಲಘಟ್ಟದಲ್ಲಿ ಬಾಡಿಗೆ ಮನೆ ಮಾಡಿದೆ. ಆ ಊರಲ್ಲಿ ಆಗ ಬೀದಿಗೆ ನಾಲ್ಕು ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಗೂಡು ಬೇಯಿಸುವ ಒಲೆ ಕಟ್ಟಲು ನನ್ನನ್ನೇ ಕರೆಯುತ್ತಿದ್ದರು. ಹೊಗೆ ಒಳಗೆ ತಿರುಗದ ಹಾಗೆ ಒಲೆ ಕಟ್ಟುವುದು ಎಲ್ಲರಿಗೂ ಬರುವ ವಿದ್ಯೆ ಅಲ್ಲ. ನಾನು ಕಟ್ಟಿದ ಒಲೆಯನ್ನು ಇನ್ನೊಬ್ಬ ಬಂದು ರಿಪೇರಿ ಮಾಡಿದ್ದು ಇಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯೂ ಇಲ್ಲ.

ಸುಣ್ಣದ ಕೆಲಸ ಮಾಡುವವರ ಕೈ ಬೇಗ ಕೆಡುತ್ತದೆ. ಬೆರಳ ಸಂದಿ ಒಡೆಯುತ್ತದೆ, ಚಳಿಗಾಲದಲ್ಲಿ ಅನ್ನಕ್ಕೆ ಕೈ ಇಟ್ಟರೆ ಉಪ್ಪು ಉರಿಯುತ್ತದೆ. ನನ್ನ ಕೈಯೂ ಮೊದಲು ಹಾಗೇ ಇತ್ತು. ಇಪ್ಪತ್ತೆರಡು ಇಪ್ಪತ್ಮೂರರ ಹೊತ್ತಿಗೆ ಎಡಗೈ ಉರಿಯುವುದು ನಿಂತಿತು. ಕೈ ಪಳಗಿತು ಅಂದುಕೊಂಡೆ. ನೂಲು ಬಿಚ್ಚುವ ಮನೆಗಳಲ್ಲಿ ಕುದಿಯುವ ಬೋಗುಣಿಯಿಂದ ಗೂಡು ತೆಗೆಯುವವರು ಬೆರಳು ಅದ್ದಿ ಥಟ್ಟನೆ ಎಳೆದುಕೊಳ್ಳುತ್ತಾರೆ. ನಾನು ಪಂದ್ಯ ಕಟ್ಟಿ ಎಡಗೈ ಕಿರುಬೆರಳನ್ನು ಅದರಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದೆ. ಅವರು ಬಾಯಿ ಬಿಟ್ಟು ನೋಡುತ್ತಿದ್ದರು. ಬೆರಳಿಗೆ ಬೊಬ್ಬೆ ಬರುತ್ತಿತ್ತು, ನೋವು ಬರುತ್ತಿರಲಿಲ್ಲ. ಅದನ್ನು ಗಟ್ಟಿತನ ಅಂದುಕೊಂಡೆ. ಮುಂಗೈ ಮೇಲೆ ರೂಪಾಯಿ ಅಗಲದ ಒಂದು ಬಿಳಚಿದ ಕಲೆ ಇತ್ತು. ಅದು ಸುಣ್ಣ ಬಿದ್ದದ್ದು ಅಂದುಕೊಂಡೆ.

ಮದುವೆಯಾದ ಮೇಲೆ ನನ್ನ ಹೆಂಡತಿಗೂ ಇದೇ ಹೆಮ್ಮೆ. ಮುದ್ದೆಯ ಪಾತ್ರೆಯನ್ನು ಒಲೆಯಿಂದ ನಾನು ಬರಿಗೈಯಲ್ಲಿ ಇಳಿಸುತ್ತಿದ್ದೆ. ಅವಳು ಬಾವಿಕಟ್ಟೆಯಲ್ಲಿ ಹೇಳುವುದನ್ನು ನಾನೇ ಒಂದು ಸಲ ಕೇಳಿಸಿಕೊಂಡಿದ್ದೇನೆ. "ನಮ್ಮನೆಯವ್ರಿಗೆ ಇಕ್ಕಳ ಬೇಡ, ಮಸಿಬಟ್ಟೆ ಬೇಡ. ಕೆಂಡದಂಗಿರೋ ಪಾತ್ರೇನ ಹಂಗೇ ಎತ್ತುತಾರೆ ಕಣೇ."

೧೯೬೨ರ ಡಿಸೆಂಬರಿನಲ್ಲಿ ಈ ಗೋಡೆಯ ಕೆಲಸ ಬಂತು. ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ನಿವೃತ್ತರಾದ ಒಬ್ಬರು ಮನೆ ಮುಂದೆ ಗುಲಾಬಿ, ಕಾಕಡ, ಕನಕಾಂಬರ ಹಾಕಿದ್ದರು. ಊರ ಮೇಕೆಗಳಿಗೆಲ್ಲ ಅಲ್ಲೇ ಊಟ. ಅವರಿಗೆ ಸೊಂಟದೆತ್ತರ ಗೋಡೆ ಬೇಕಿತ್ತು. ಧನುರ್ಮಾಸ ಹಿಡಿದಿತ್ತು. ಆ ತಿಂಗಳಲ್ಲಿ ನಮ್ಮ ಕಡೆ ಯಾರೂ ಹೊಸ ಕಟ್ಟಡಕ್ಕೆ ಬುನಾದಿ ತೆಗೆಯುವುದಿಲ್ಲ. ಗಾರೆಯವರಿಗೆ ಅದು ಕೈ ಕಟ್ಟಿ ಕೂರುವ ತಿಂಗಳು. ನಾನು ಕೂರುವವನಲ್ಲ. ಕೇಳಿಕೊಂಡು ಹೋದೆ.

ಕಾಂಪೌಂಡರ ಹೆಂಡತಿ ಬಾಗಿಲಲ್ಲೇ ತಡೆದರು. "ಧನುರ್ಮಾಸದಲ್ಲಿ ಗೋಡೆ ಎಬ್ಬಿಸ್ತಾರೇನ್ರೀ? ಸಂಕ್ರಾಂತಿ ಕಳೀಲಿ."

"ಸಂಕ್ರಾಂತಿ ಹೊತ್ಗೆ ಮೇಕೆಗಳು ನನ್ನ ಗುಲಾಬೀನೆಲ್ಲ ತಿಂದು ತೇಗಿರ್ತವೆ" ಅಂದರು ಕಾಂಪೌಂಡರು.

ನಾನು ನಡುವೆ ಬಾಯಿ ಹಾಕಿದೆ. "ಅಮ್ಮಾವ್ರೇ, ಮೊಣಕಾಲಿಂದ ಕೆಳಗಿದ್ರೆ ಅದು ಗೋಡೆ ಅಲ್ಲ, ಕಟ್ಟೆ. ಕಟ್ಟೆಗೆ ಮಾಸ ನೋಡೋದಿಲ್ಲ. ನಮ್ಮಪ್ಪನ ಕಾಲದಿಂದ್ಲೂ ಹಂಗೇ ನಡ್ಕೊಂಡ್ ಬಂದದೆ."

"ಯಾರ ಮೊಣಕಾಲಯ್ಯ? ನಂದೋ, ನಿಂದೋ?"

ನನ್ನ ಜೊತೆ ಗಾರೆ ಹೊರಲು ಬರುತ್ತಿದ್ದ ಹೆಂಗಸು, ನಾನು ಅಕ್ಕ ಅನ್ನುತ್ತಿದ್ದವಳು, ಹಿಂದೆ ನಿಂತಿದ್ದಳು. ಚಿಂತಾಮಣಿ ಆಚೆಯ ಹಳ್ಳಿಯವಳು, ತೆಲುಗು ಬೆರೆಸಿ ಮಾತಾಡುವವಳು. "ನಂದು ಅಳೀರಿ ಸಾಮಿ, ಬೇಗ ಮುಗೀತದೆ" ಅಂದಳು. ಅವಳು ಗಿಡ್ಡ. ಎಲ್ಲರೂ ನಕ್ಕರು. ಕೊನೆಗೆ ಕಾಂಪೌಂಡರ ಮೊಣಕಾಲಿಗೇ ದಾರ ಹಿಡಿದೆ. ನೆಲಮಟ್ಟಕ್ಕೆ ಕಲ್ಲು, ಮೇಲೆ ಇಟ್ಟಿಗೆ ಆರು ವರಸೆ. ಉದ್ದ ಅರವತ್ತು ಅಡಿ. ಅಷ್ಟು ಗಿಡ್ಡ ಗೋಡೆ ಮೇಕೆಗೆ ಯಾವ ಲೆಕ್ಕ ಅಂತ ಆಗ ಯಾರೂ ಕೇಳಲಿಲ್ಲ.

ಸಿಮೆಂಟಿಗೆ ಪರ್ಮಿಟ್ ಬೇಕಿತ್ತು, ಸುಣ್ಣದ ಗಾರೆಯಲ್ಲೇ ಕಟ್ಟಬೇಕು. ಇಟ್ಟಿಗೆಯನ್ನು ಹಿಂದಿನ ಸಂಜೆ ತೊಟ್ಟಿಯ ನೀರಿಗೆ ಹಾಕಿಡುತ್ತಿದ್ದೆವು. ಒಣ ಇಟ್ಟಿಗೆ ಗಾರೆಯ ನೀರು ಕುಡಿದುಬಿಡುತ್ತದೆ, ಹಿಡಿತ ನಿಲ್ಲುವುದಿಲ್ಲ. ಬೆಳಗ್ಗೆ ಮಂಜು ಎಷ್ಟು ಇಳಿದಿರುತ್ತಿತ್ತೆಂದರೆ ಅರವತ್ತು ಅಡಿಯ ಆ ತುದಿಯ ಗೂಟ ಈ ತುದಿಗೆ ಕಾಣುತ್ತಿರಲಿಲ್ಲ. ತೊಟ್ಟಿಗೆ ಕೈ ಹಾಕಿದರೆ ನೀರು ಕಚ್ಚುತ್ತಿತ್ತು. ಅಂದರೆ ಬಲಗೈಯನ್ನು ಕಚ್ಚುತ್ತಿತ್ತು. ಅಕ್ಕ ನಾಲ್ಕು ಇಟ್ಟಿಗೆ ತೆಗೆದರೆ ಓಡಿಹೋಗಿ ಹಿಪ್ಪುನೇರಳೆ ಕಡ್ಡಿಯ ಬೆಂಕಿಗೆ ಕೈ ಚಾಚುತ್ತಿದ್ದಳು.

"ಬಾರಪ್ಪ ಮೇಸ್ತ್ರಿ, ಒಸಿ ಕೈ ಕಾಯಿಸ್ಕೋ. ನಿಂದೇನು ಕಬ್ಬಿಣದ ಕೈಯಾ?"

"ಕಬ್ಬಿಣ ಆದ್ರೆ ತುಕ್ಕು ಹಿಡೀತದೆ. ನಂದು ಕಲ್ಲು ಕಣಕ್ಕ."

"ಸರ್ಲೇ, ಹಂಗೇ ಆಗ್ಲಿ. ಕಲ್ಲಿಗೆ ಕೂಲಿ ಯಾಕೆ, ನಂಗೇ ಕೊಟ್ಬಿಡು."

ಮೂರನೆಯ ವರಸೆ ನಡೆಯುತ್ತಿದ್ದ ದಿನ. ಹತ್ತು ಗಂಟೆ ಇರಬೇಕು, ಮಂಜು ಹರಿದು ಬಿಸಿಲು ಬಿದ್ದಿತ್ತು. ನಾನು ಎಡಗೈಯಲ್ಲಿ ಇಟ್ಟಿಗೆ, ಬಲಗೈಯಲ್ಲಿ ಕರಣೆ ಹಿಡಿದು ತಲೆ ಎತ್ತದೆ ಸಾಗುತ್ತಿದ್ದೆ. ಅಕ್ಕ ಗಾರೆಯ ಬಾಂಡ್ಲಿ ಹೊತ್ತು ಬಂದವಳು ಹಾಗೇ ನಿಂತಳು.

"ಅಯ್ಯೋ ಮೇಸ್ತ್ರಿ, ರಕ್ತ."

"ಎಲ್ಲಿ?"

"ಅದೋ, ಅಲ್ಲಿಂದ."

ತಿರುಗಿ ನೋಡಿದೆ. ಅವಳು ತೋರಿಸಿದ ಕಡೆಯಿಂದ ನಾನು ನಿಂತಿದ್ದ ಕಡೆಯವರೆಗೆ ಪ್ರತಿ ಇಟ್ಟಿಗೆಯ ಅಂಚಿನಲ್ಲೂ ಒಂದೇ ಜಾಗದಲ್ಲಿ ಕಪ್ಪು ಕೆಂಪಿನ ಗುರುತು. ಮೊದಮೊದಲಿನವು ಒಣಗಿದ್ದವು. ಹನ್ನೊಂದು ಇಟ್ಟಿಗೆ. ಕೈ ತಿರುಗಿಸಿ ನೋಡಿದರೆ ಕಿರುಬೆರಳ ಒಳಭಾಗ ಮೂಳೆಯ ಹತ್ತಿರಕ್ಕೆ ಸೀಳಿತ್ತು. ಯಾವುದೋ ಮುರುಕು ಇಟ್ಟಿಗೆಯ ಅಂಚು ತಗಲಿರಬೇಕು. ಯಾವಾಗ ಅಂತ ನನಗೆ ಗೊತ್ತಿಲ್ಲ. ಬೆರಳು ನನ್ನದು ಅನ್ನಿಸಲಿಲ್ಲ. ಬೇರೆ ಯಾರದೋ ಕೈ ನೋಡಿದ ಹಾಗಿತ್ತು.

ಅಕ್ಕನ ಕೂಗಿಗೆ ಕಾಂಪೌಂಡರು ಹೊರಗೆ ಬಂದರು. ನನ್ನನ್ನು ಜಗಲಿಯ ಮೇಲೆ ಕೂರಿಸಿದರು. ಗಾಯಕ್ಕೆ ಟಿಂಚರ್ ಸುರಿದು ನನ್ನ ಮುಖವನ್ನೇ ನೋಡಿದರು. ನಾನು ಮುಖ ಕಿವುಚಲಿಲ್ಲ. ಕಿವುಚಬೇಕಿತ್ತು ಅಂತ ಆಮೇಲೆ ಹೊಳೆಯಿತು. ಬಟ್ಟೆ ಸುತ್ತಿ, ಮುಂಗೈಯ ಕಲೆಯನ್ನು ಹೆಬ್ಬೆಟ್ಟಿನಿಂದ ಉಜ್ಜಿ, ಒಳಗೆ ಹೋಗಿ ಒಂದು ಗುಂಡುಸೂಜಿ ತಂದರು.

"ಕಣ್ಣು ಮುಚ್ಕೊಳಯ್ಯ. ಚುಚ್ಚಿದಾಗ ಹೂಂ ಅನ್ನು."

ಯಾಕೆಂದು ನಾನು ಕೇಳಲಿಲ್ಲ. ಕೇಳದೆಯೇ ಗೊತ್ತಾಗಿತ್ತು. ಮೇಲೂರಿನಲ್ಲಿ ನಮ್ಮ ಬೀದಿಯ ಒಬ್ಬ ಮುದುಕನನ್ನು ಊರಾಚೆ ಗುಡಿಸಲಲ್ಲಿ ಇಟ್ಟಿದ್ದರು. ಅನ್ನವನ್ನು ಕಲ್ಲಿನ ಮೇಲೆ ಇಟ್ಟು ಬರುತ್ತಿದ್ದರು. ಅದರ ಹೆಸರು ಹೇಳಬಾರದು ಅಂತ ದೊಡ್ಡರೋಗ ಅನ್ನುತ್ತಿದ್ದರು. ಈಗ ನಾನು ಹೂಂ ಅನ್ನದಿದ್ದರೆ ನನ್ನ ಕೈಗೆ ಇನ್ನು ಯಾರ ಮನೆಯ ಇಟ್ಟಿಗೆಯೂ ಸಿಗುವುದಿಲ್ಲ. ಇದಿಷ್ಟೇ ತಲೆಯಲ್ಲಿ ಇತ್ತು.

ಕಣ್ಣು ಮುಚ್ಚಿದೆ, ಪೂರಾ ಮುಚ್ಚಲಿಲ್ಲ. ರೆಪ್ಪೆಯ ಸಂದಿಯಿಂದ ಅವರ ಮೊಣಕೈ ಕಾಣುತ್ತಿತ್ತು. ಮೊಣಕೈ ಅಲ್ಲಾಡಿದಾಗೆಲ್ಲ "ಹೂಂ" ಅಂದೆ.

"ಈಗ?"

"ಹೂಂ."

"ಈಗ?"

"ಹೂಂ. ಚುಚ್ತು ಸಾರ್."

"ಈಗ?"

"ಹೂಂ, ಜೋರಾಗೇ ಚುಚ್ತು."

"ಕಣ್ಣು ಬಿಡು" ಅಂದರು. ಸೂಜಿಯನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡಿದ್ದರು. ಬರಿಗೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದರು. "ಮೂರು ಸಲದಿಂದ ನಾನು ಮುಟ್ಟೇ ಇಲ್ಲ ಕಣಯ್ಯ."

ಅಕ್ಕ ಖಾಲಿ ಬಾಂಡ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಚಳಿ ಸಾರ್" ಅಂದೆ. "ಚಳಿಗೆ ಕೈ ಮರಗಟ್ಟಿದೆ. ಶಿವರಾತ್ರಿ ಕಳೆದ್ರೆ ಸರಿಹೋಗ್ತದೆ."

"ಚಳಿಗಾದ್ರೆ ಐದು ಬೆರಳೂ ಮರಗಟ್ಟಬೇಕು. ಕಿರುಬೆರಳು, ಉಂಗುರದ ಬೆರಳು ಎರಡೇ ಯಾಕೆ? ಬಲಗೈ ಯಾಕಿಲ್ಲ? ಅದೇನು ಬೇರೆ ಊರಲ್ಲಿದೆಯಾ?"

ನಾನು ಕೈಯನ್ನು ಪಂಚೆಯೊಳಗೆ ಮುಚ್ಚಿಕೊಂಡೆ.

"ಚಿಕ್ಕಬಳ್ಳಾಪುರಕ್ಕೆ ವಾರಕ್ಕೊಂದಿನ ಇದನ್ನೇ ನೋಡೋ ಡಾಕ್ಟ್ರು ಬರ್ತಾರೆ. ಈಗ ಮಾತ್ರೆ ಇದೆ, ಹಿಂದಿನ ಕಾಲ ಅಲ್ಲ. ಹೋಗಲಿಲ್ಲ ಅನ್ನು, ಎರಡು ಬೆರಳು ಮೂರಾಗುತ್ತೆ, ಮೂರು ಐದಾಗುತ್ತೆ. ಆಮೇಲೆ ಇಟ್ಟಿಗೆ ಹಲ್ಲಲ್ಲಿ ಹಿಡೀತೀಯಾ?"

"ಗೋಡೆ ಅರ್ಧಕ್ಕೆ ಬಿಟ್ಟು ಹೋಗಲ್ಲ ಸಾರ್. ನಾನು ಇವತ್ತಿನವರೆಗೂ ಅರ್ಧಕ್ಕೆ ಬಿಟ್ಟ ಕೆಲಸ ಇಲ್ಲ."

"ಮೊಣಕಾಲುದ್ದದ ಗೋಡೆಗೆ ಏನು ಪೌರುಷವಯ್ಯ ನಿಂದು." ಅವರಿಗೆ ಸಿಟ್ಟು ಬಂದಿತ್ತು. ಆದರೂ ತಡೆಯಲಿಲ್ಲ. ಬೆರಳಿಗೆ ಮತ್ತೊಂದು ಸುತ್ತು ಬಟ್ಟೆ ಸುತ್ತಿ ಕಳಿಸಿದರು.

ಆ ಹನ್ನೊಂದು ಇಟ್ಟಿಗೆಯನ್ನು ಒದ್ದೆ ಗೋಣಿಯಿಂದ ಒರೆಸಿ ನಿಂತಿದ್ದ ವರಸೆಯನ್ನು ಮುಂದುವರಿಸಿದೆ. ಮಾರನೆಯ ದಿನ ಅಕ್ಕ ಕೆಲಸಕ್ಕೆ ಬಂದಳು. ಬರುವುದಿಲ್ಲ ಅಂದುಕೊಂಡಿದ್ದೆ. ಎಂದಿನಂತೆ ಇಟ್ಟಿಗೆ ತೆಗೆದಳು, ಗಾರೆ ಕಲಸಿದಳು. ಬಾಂಡ್ಲಿಯನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. ಎರಡು ಮಾರು ಆಚೆ ನೆಲದ ಮೇಲೆ ಇಟ್ಟು ಹಿಂದಕ್ಕೆ ಸರಿದಳು. ನಾನು ಹೋಗಿ ಎತ್ತಿಕೊಂಡೆ. ಅವಳು ನೋಡಲಿಲ್ಲ, ನಾನೂ ನೋಡಲಿಲ್ಲ. ಮೂರು ದಿನ ಹಾಗೇ ನಡೆಯಿತು. ಬೆಂಕಿಯ ಹತ್ತಿರ ಬಾ ಅಂತ ಕರೆಯಲೂ ಇಲ್ಲ. ಅವಳ ಮೇಲೆ ನನಗೆ ಕೋಪ ಬರಬೇಕಿತ್ತೋ ಏನೋ, ಬರಲಿಲ್ಲ. ಏನೂ ಬರಲಿಲ್ಲ. ದಾರ ನೇರ ಇದೆಯೇ, ರಸಮಟ್ಟದ ಗುಳ್ಳೆ ನಡುವೆ ನಿಂತಿದೆಯೇ ಅಂತ ನೋಡಿಕೊಂಡು ಇಟ್ಟಿಗೆ ಮೇಲೆ ಇಟ್ಟಿಗೆ ಇಡುತ್ತಾ ಹೋದೆ. ಕಾಂಪೌಂಡರ ಹೆಂಡತಿ ಆಮೇಲೆ ಹೊರಗೆ ಬರಲಿಲ್ಲ. ಕಾಫಿಯನ್ನು ಕಾಂಪೌಂಡರೇ ತಂದು ಕೊಡುತ್ತಿದ್ದರು.

ಆರನೆಯ ವರಸೆ ಮುಗಿದ ಮಧ್ಯಾಹ್ನ ಕರಣೆ ತೊಳೆಯುತ್ತಿದ್ದೆ. ಒಂದು ಮೇಕೆ ಬಂತು. ಹೊಸ ಗೋಡೆಯ ಮೇಲೆ ಹಾರಿ ನಿಂತು, ತನಗೇ ಕಟ್ಟಿಸಿದರು ಅನ್ನುವ ಹಾಗೆ ಅಲ್ಲಿಂದಲೇ ಗುಲಾಬಿಗೆ ಕತ್ತು ಚಾಚಿತು. ಮೊದಲು ಬಗ್ಗಿ ತಿನ್ನುತ್ತಿತ್ತು, ಈಗ ಆರಾಮವಾಗಿ ತಿಂದಿತು. ಕಾಂಪೌಂಡರು ಚಪ್ಪಲಿ ಎಸೆದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮಪ್ಪನ ಕಾಲದಲ್ಲಿ ಮೇಕೆ ಇರಲಿಲ್ವೇನಯ್ಯ?" ನನಗೂ ನಗಬೇಕು ಅನ್ನಿಸಿತು. ನಗು ಬರಲಿಲ್ಲ.

ಅವತ್ತು ಸಂಜೆ ಹೆಂಡತಿಗೆ ಹೇಳಿದೆ. ಅವಳು ಮಗುವಿಗೆ ತಲೆ ಬಾಚುತ್ತಿದ್ದಳು. ಮಗಳಿಗೆ ಆಗ ಒಂದೂವರೆ ವರ್ಷ. ಪೂರ್ತಿ ಬಾಚಿ ಮುಗಿಸಿದಳು. ಆಮೇಲೆ ಒಂದೇ ಮಾತು ಅಂದಳು. "ನಾನು ಬಾವಿ ಹತ್ರ ಎಲ್ಲಾರ್ಗೂ ಹೇಳ್ಕೊಂಡ್ ಬಂದೆನಲ್ಲ."

ಡಾಕ್ಟರು ಬರುವ ದಿನ ನೋಡಿಕೊಂಡು ಇಬ್ಬರೂ ಬೆಳಗಿನ ಪುಟ್ಟ ರೈಲಿಗೆ ಹೊರಟೆವು. ಮಗುವನ್ನು ಅವಳು ಸೆರಗಲ್ಲಿ ಸುತ್ತಿಕೊಂಡಿದ್ದಳು. ಮಂಜಿನಲ್ಲಿ ರೈಲು ನಡೆದುಕೊಂಡು ಹೋಗುವವರಷ್ಟು ನಿಧಾನ. ಆಸ್ಪತ್ರೆಯ ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬ ಯಜಮಾನರು ರೇಷ್ಮೆ ಅಂಚಿನ ಶಲ್ಯವನ್ನು ಮುಖದ ತನಕ ಎಳೆದುಕೊಂಡಿದ್ದರು.

ಡಾಕ್ಟರು ಸೂಜಿ ತೆಗೆಯಲಿಲ್ಲ. ಹಕ್ಕಿಯ ಪುಕ್ಕ ಒಂದರಿಂದ ಸವರಿದರು. ಈ ಸಲ ನಾನು ಕಣ್ಣು ಸರಿಯಾಗಿ ಮುಚ್ಚಿದೆ. ಬಹಳ ಹೊತ್ತು ಏನೂ ಆಗಲಿಲ್ಲ, ಅವರು ಇನ್ನೂ ಶುರು ಮಾಡಿಲ್ಲ ಅಂದುಕೊಂಡೆ. "ಆಯಿತು" ಅಂದರು. ಮೊಣಕೈಯ ಹಿಂದೆ ಒತ್ತಿ ನೋಡಿ, ನರ ಹಗ್ಗದ ಹಾಗೆ ದಪ್ಪಗಾಗಿದೆ ಅಂದರು. ಮನೆಯಲ್ಲೇ ಇರಬಹುದು, ಕೆಲಸ ಮಾಡಬಹುದು, ಇದು ಬೇರೆಯವರಿಗೆ ಬೇಗ ಹತ್ತುವ ಬಗೆ ಅಲ್ಲ, ಮಾತ್ರೆಯನ್ನು ವರ್ಷಗಟ್ಟಲೆ ತಪ್ಪದೆ ನುಂಗಬೇಕು ಅಂದರು.

ನನ್ನ ಹೆಂಡತಿ ಬಾಗಿಲ ಹತ್ತಿರದಿಂದ ಕೇಳಿದಳು. "ಕೈಗೆ ಸ್ಪರ್ಶ ವಾಪಸ್ ಬತ್ತದಾ ಸಾಮಿ?"

"ಹೋಗಿರೋದು ಬರೋದಿಲ್ಲಮ್ಮ. ಇರೋದು ಉಳೀಬೇಕು, ಅಷ್ಟೇ." ಆಮೇಲೆ ನನ್ನ ಕಡೆ ತಿರುಗಿ, "ಇನ್ನು ಮೇಲೆ ಎಡಗೈ ಏನು ಹಿಡಿದರೂ ಕಣ್ಣು ಅಲ್ಲೇ ಇರಬೇಕು. ಕೈಯ ಕೆಲಸವನ್ನ ಕಣ್ಣಿಗೆ ಕಲಿಸು" ಅಂದರು.

ಕಲಿಸಿದೆ. ಅದಕ್ಕೆ ಒಂದು ವರ್ಷ ಹಿಡಿಯಿತು. ಹನ್ನೆರಡು ವರ್ಷ ಇಟ್ಟಿಗೆಯನ್ನು ನೋಡದೆ ಹಿಡಿದವನು, ದಿನದ ಪ್ರತಿ ಇಟ್ಟಿಗೆಯನ್ನೂ ನೋಡಿ ಹಿಡಿಯಬೇಕಾಯಿತು. ಗೋಣಿಯ ಬಟ್ಟೆಯನ್ನು ಚೀಲದ ಹಾಗೆ ಹೊಲಿದು ಆ ಎರಡು ಬೆರಳಿಗೆ ಹಾಕಿಕೊಳ್ಳುತ್ತಿದ್ದೆ. ದಿನಕ್ಕೆ ಕಟ್ಟುತ್ತಿದ್ದುದರಲ್ಲಿ ಅರ್ಧ ಕಟ್ಟುತ್ತಿದ್ದೆ. ಸೊಟ್ಟ ಮಾತ್ರ ಕಟ್ಟಲಿಲ್ಲ.

ಶಿಡ್ಲಘಟ್ಟದಲ್ಲಿ ಯಾರೂ ನನ್ನ ಮುಖದ ಮೇಲೆ ಏನೂ ಅನ್ನಲಿಲ್ಲ. ಒಲೆ ಕಟ್ಟಲು ಕರೆಯುವುದು ನಿಂತಿತು, ಅಷ್ಟೇ. ಎದುರಿಗೆ ಸಿಕ್ಕಿದರೆ, "ಆಮೇಲೆ ಹೇಳಿ ಕಳಿಸ್ತೀವಿ ಮೇಸ್ತ್ರಿ" ಅನ್ನುತ್ತಿದ್ದರು. ಅಕ್ಕ ಹೇಳಿದಳೋ, ಇನ್ಯಾರು ಹೇಳಿದರೋ, ನಾನು ವಿಚಾರಿಸಲಿಲ್ಲ. ಯುಗಾದಿಯ ಹೊತ್ತಿಗೆ ಕೆಂಚಾರ್ಲಹಳ್ಳಿಯಿಂದ ಹೆಂಡತಿಯ ಅಣ್ಣ ಬಂದ. ಜಗಲಿಯ ಮೇಲೂ ಕೂರಲಿಲ್ಲ. "ತಂಗೀನೂ ಮಗೂನೂ ಕರ್ಕೊಂಡ್ ಹೋಗ್ತೀನಿ ಬಾವ. ನೀವೇನೂ ಅಂದ್ಕೋಬ್ಯಾಡಿ" ಅಂದ. ಅಂದುಕೊಳ್ಳಲಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಹೋದಳು. ಮಡಕೆಯಲ್ಲಿ ರಾಗಿಹಿಟ್ಟು ತುಂಬಿಸಿಟ್ಟು ಹೋಗಿದ್ದಳು. ಅದು ಮುಗಿಯುವವರೆಗೆ ಅಲ್ಲಿದ್ದೆ. ಆಮೇಲೆ ನನ್ನ ಗುರುತಿಲ್ಲದ ಗೌರಿಬಿದನೂರಿಗೆ ಹೋದೆ.

ಅಲ್ಲಿ ಕೆಲಸ ಸಿಕ್ಕಿತು. ಎಡಗೈಯ ಚೀಲ ಯಾಕೆಂದು ಕೇಳಿದವರಿಗೆ ಸುಣ್ಣ ಸುಟ್ಟಿದೆ ಅನ್ನುತ್ತಿದ್ದೆ. ತಿಂಗಳಿಗೊಮ್ಮೆ ಚಿಕ್ಕಬಳ್ಳಾಪುರಕ್ಕೆ ಬಂದು ಮಾತ್ರೆ ತರುತ್ತಿದ್ದೆ. ಒಂದು ತಿಂಗಳೂ ತಪ್ಪಿಸಲಿಲ್ಲ. ಮುಂದಿನ ಚಳಿಗಾಲದಲ್ಲಿ ಒಂದು ದಿನ ಕೆಲಸದಿಂದ ಬಂದರೆ ಬಾಗಿಲಲ್ಲಿ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಎರಡು ಗಂಟು, ತೊಡೆಯ ಮೇಲೆ ನಿದ್ದೆ ಹೋದ ಮಗಳು. ಮನೆ ಹೇಗೆ ಹುಡುಕಿದಳೋ.

"ಬಸ್ಸಲ್ಲಿ ಜಾಗ ಸಿಗ್ಲಿಲ್ಲ. ನಿಂತ್ಕಂಡೇ ಬಂದೆ" ಅಂದಳು.

"ಊಟ?"

"ಇಲ್ಲ."

ಅಷ್ಟೇ ನಾವು ಆಡಿದ್ದು. ಒಲೆ ಹಚ್ಚಿದಳು. ನಾನು ಪಾತ್ರೆ ಇಳಿಸಲು ಎದ್ದೆ. ನನ್ನ ಕೈಯನ್ನು ತಳ್ಳಿ ಅವಳೇ ಇಳಿಸಿದಳು.

೧೯೬೬ರಲ್ಲಿ ಗೌರಿಬಿದನೂರಿನಲ್ಲೇ ನೀರು ಹಾಕಿ ಸುಣ್ಣ ಅರಳಿಸುತ್ತಿದ್ದಾಗ ಯಾರೋ ಕರೆದರು ಅಂತ ತಲೆ ಎತ್ತಿದೆ. ಕಣ್ಣು ಕೈಯ ಮೇಲಿಂದ ಹೋಯಿತು. ತಿರುಗಿ ನೋಡುವ ಹೊತ್ತಿಗೆ ಎಡಗೈ ಕುದಿಯುವ ಸುಣ್ಣದಲ್ಲಿತ್ತು. ಕಿರುಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರು, ಉಂಗುರದ ಬೆರಳನ್ನು ಅರ್ಧ ಉಳಿಸಿದರು. ತೆಗೆಯುವಾಗ ನೋವಾಗಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಕೆಲಸಕ್ಕೆ ಹೋದೆ. ಇಟ್ಟಿಗೆ ಹಿಡಿಯಲು ಮೂರು ಬೆರಳು ಸಾಕು. ಸಾಕು ಅಂತ ನಾನೇ ಕಟ್ಟಿ ನೋಡಿ ಹೇಳುತ್ತಿದ್ದೇನೆ. ಅದಾದ ಮೇಲೆ ಇಪ್ಪತ್ತಾರು ವರ್ಷ ಗೋಡೆ ಕಟ್ಟಿದ್ದೇನೆ. ಆ ನಡುವೆ ಒಂದು ದಿನ ಡಾಕ್ಟರು, ರೋಗ ಹೋಗಿದೆ, ಇನ್ನು ಮಾತ್ರೆ ಬೇಡ ಅಂದರು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಬಲಗೈಯಲ್ಲಿ ಬೆರಳು ಐದು. ಎಡಗೈಯಲ್ಲಿ ಮೂರೂವರೆ. ಗೌರಿಬಿದನೂರಿನಲ್ಲಿ ನಾನೇ ಕಟ್ಟಿದ ಮನೆ ಒಂದು, ಅದರಲ್ಲಿ ಕೋಣೆ ಎರಡು. ಹೆಂಡತಿ ಇದ್ದಾಳೆ. ಮಗಳು ಒಬ್ಬಳು, ಮೊಮ್ಮಕ್ಕಳು ಇಬ್ಬರು. ಕರಣೆ ಎರಡು, ರಸಮಟ್ಟ ಒಂದು. ಮಾತ್ರೆ ಇಲ್ಲ.